ಪಾರೋತಿ ಇದ್ದಾಳಾ?

ಕುಂದಾಪುರದಿಂದ ಬರುವ ಬಸ್ಸು. ಹೊರಗೆ ಧೋ ಅಂತ ಮಳೆ, ಶಟರ್ ಪೂರ್ತಿ ಇಳಿಸಿದ್ದರು. ಇದ್ದ ಮಬ್ಬು ಬೆಳಕಲ್ಲೇ ಕಾರಂತರ ‘ಮರಳಿ ಮಣ್ಣಿಗೆ’ ಓದ್ತಾ ಇದ್ದೆ.

ಕೋಟ ದಾಟುವಾಗ ಪಕ್ಕದಲ್ಲಿದ್ದ ಅಜ್ಜಿ ಪುಸ್ತಕಕ್ಕೆ ಬಗ್ಗಿ ಕೇಳಿದರು,
“ಎಲ್ಲಿವರೆಗೆ ಆಯ್ತು? ಪಾರೋತಿ ಇದ್ದಾಳಾ, ಹೋದಳಾ?”

ಪಾರೋತಿ ಅಂದರೆ ಕಾದಂಬರಿಯ ರಾಮ ಐತಾಳರ ಹೆಂಡತಿ. ಕೇಳಿದ್ದು ಮಾತ್ರ ನೆಂಟರ ಮನೆ ಸುದ್ದಿ ವಿಚಾರಿಸುವ ಅದೇ ಸ್ವರದಲ್ಲಿ!

“ಇದ್ದಾರೆ ಅಜ್ಜಿ” ಅಂದೆ. ಅದು ಹೇಗೋ ಬಾಯಿಗೆ ‘ಇದ್ದಾರೆ’ ಅಂತಲೇ ಬಂತು.

“ಸರಸೋತಿ ಇಲ್ಲದಿದ್ರೆ ಆ ಮನೆ ನಡೀತಿತ್ತಾ ಹೇಳು?” ಅಂದವರು ಬ್ರಹ್ಮಾವರದಲ್ಲಿ ಕೊಡೆ ಬಿಡಿಸಿ ಇಳಿದೇ ಹೋದರು.

ಕಾಲೇಜಲ್ಲಿ ಓದುವಾಗ ನನಗೆ ಐತಾಳರ ಮೊಮ್ಮಗ ರಾಮನ ಕಥೆ ಮಾತ್ರ ಬೇಕಿತ್ತು. ಮದ್ರಾಸು, ಚಳವಳಿ, ಪಿಟೀಲು. ಪಾರೋತಿ, ಐತಾಳರ ತಂಗಿ ಸರಸೋತಿ, ಈ ಇಬ್ಬರು ಹೆಂಗಸರು ಗದ್ದೆಗೂ ಮನೆಗೂ ಮೈಮುರಿದು ದುಡಿಯುವ ಪುಟಗಳನ್ನು ಸರಸರ ಮಗುಚಿದ್ದೆ. ಈಗ ನೋಡಿದರೆ ಅಲ್ಲಿಂದ ಮುಂದೆ ಹೋಗಲಿಕ್ಕೇ ಮನಸ್ಸಾಗುವುದಿಲ್ಲ. ಐತಾಳರ ಮೇಲೆ ಬರುವ ಸಿಟ್ಟಂತೂ ಕೇಳಬೇಡಿ.

ಹೊಸ ಪುಸ್ತಕ ತರುವುದು ನಿಂತಿಲ್ಲ (ಮನೆಯಲ್ಲಿ ಬೈಗುಳವೂ ನಿಂತಿಲ್ಲ). ಆದರೆ ಮಳೆಗಾಲ ಬಂದರೆ ಕೈ ಹೋಗುವುದು ಹಳೆಯದಕ್ಕೇ. ಮೊಬೈಲಲ್ಲಿ ಓದಿದ್ದು ಯಾಕೋ ನೆನಪಲ್ಲಿ ನಿಲ್ಲುವುದಿಲ್ಲ. ಅಜ್ಜಿ ಬಗ್ಗಿ ನೋಡುವ ಹಾಗೆ ಇರುವುದೂ ಇಲ್ಲ.

ಇದು ಮುಗಿದ ಮೇಲೆ ‘ಚೋಮನ ದುಡಿ’. 1933ರದ್ದು, ಸಣ್ಣ ಪುಸ್ತಕ, ಒಂದು ಭಾನುವಾರ ಸಾಕು. ನನ್ನ ಪ್ರತಿ ನಿಮ್ಮಲ್ಲೇ ಯಾರ ಹತ್ತಿರವೋ ಉಂಟು. ಹೆಸರು ಹೇಳುವುದಿಲ್ಲ, ಸುಮ್ಮನೆ ತಂದುಕೊಡಿ ಮಾರಾಯ್ರೆ.