ಉಷ್ಣ ಅಲ್ಲ ಮಾರಾಯ್ರೆ, ಕೊಲೈಟಿಸ್ಸು

ಮೊದಲ ಸಲ ಮಲದಲ್ಲಿ ರಕ್ತ ಕಂಡಾಗ ಮನೇಲಿ ಎಲ್ರೂ ಒಂದೇ ಮಾತು, ಉಷ್ಣ ಆಗಿದೆ. ಮೆಂತ್ಯ, ಮಜ್ಜಿಗೆ, ಎಳನೀರು ಎಲ್ಲ ಆಯ್ತು, ಆಮೇಲೆ ಮೂಲವ್ಯಾಧಿ ಅಂತ ಯಾರೋ ಕೊಟ್ಟ ಪುಡಿ ತಿಂದು ಎಂಟು ತಿಂಗಳು ಕಳೆದೆ. ಆದ್ರೆ ಮೂಲವ್ಯಾಧಿ ರಾತ್ರಿ ಮೂರು ಗಂಟೆಗೆ ನಿದ್ದೆಯಿಂದ ಎಬ್ಬಿಸಿ ಸಂಡಾಸಿಗೆ ಓಡಿಸಲ್ಲ, ಲೋಳೆ ಬರ್ಸಿ ಒಂಬತ್ತು ಕೆಜಿ ಇಳಿಸಲ್ಲ, ಇದು ಆಗ ಯಾರಿಗೂ ಹೊಳೀಲೇ ಇಲ್ಲ.

ಕೊನೆಗೆ ಕೊಲೊನೋಸ್ಕೋಪಿ, ಅಂದ್ರೆ ಗುದದಿಂದ ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳು ನೋಡೋದು. ನಿಜ ಹೇಳ್ಬೇಕಂದ್ರೆ ಟೆಸ್ಟ್ ಏನೂ ಅಲ್ಲ, ಹಿಂದಿನ ದಿನ ಕರುಳು ಖಾಲಿ ಮಾಡೋಕೆ ಆ ಉಪ್ಪುಪ್ಪು ನೀರು ಲೀಟರ್‌ಗಟ್ಲೆ ಕುಡಿಯೋದೇ ನರಕ. ರಿಪೋರ್ಟಲ್ಲಿ ಬಂದಿದ್ದು ಅಲ್ಸರೇಟಿವ್ ಕೊಲೈಟಿಸ್. ನಮ್ಮದೇ ರೋಗನಿರೋಧಕ ಶಕ್ತಿ ದೊಡ್ಡ ಕರುಳಿನ ಒಳಪದರದ ಮೇಲೆ ತಿರುಗಿ ಬೀಳೋದು, ಗುದದ ಹತ್ರ ಶುರುವಾಗಿ ಮಧ್ಯೆ ಜಾಗ ಬಿಡದೆ ಮೇಲಕ್ಕೆ ಹಬ್ಬುತ್ತೆ. ಇದರ ದಾಯಾದಿ ಕ್ರೋನ್ಸ್ ಹಾಗಲ್ಲ, ಬಾಯಿಂದ ಗುದದವರೆಗೆ ಎಲ್ಲಿ ಬೇಕಾದ್ರೂ ತೇಪೆ ತೇಪೆಯಾಗಿ ಬರುತ್ತೆ, ಕರುಳಿನ ಗೋಡೆ ಪೂರ್ತಿ ಆಳಕ್ಕೆ ಇಳಿಯುತ್ತೆ.

ಪಕ್ಕದ ಬೆಡ್ಡಲ್ಲಿದ್ದ ಹುಡುಗನಿಗೆ ಕ್ರೋನ್ಸೋ ಕರುಳಿನ ಟಿಬಿಯೋ ಅಂತ ತೀರ್ಮಾನ ಆಗದೆ ಮೊದ್ಲು ಟಿಬಿ ಮಾತ್ರೆ ಶುರು ಮಾಡಿದ್ರು. ನಮ್ಮ ದೇಶದಲ್ಲಿ ಇದು ದೊಡ್ಡ ತಲೆನೋವು, ಕರುಳಿನ ಚೂರು ತೆಗೆದು ನೋಡೋ ಬಯಾಪ್ಸಿಲೂ ಎರಡೂ ಒಂದೇ ಥರ ಕಾಣ್ಬಹುದು, ಟಿಬಿ ಇರೋರಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ರೆ ಟಿಬಿ ಕೆರಳಿಬಿಡುತ್ತೆ.

ನನಗೆ ಕೊಟ್ಟಿದ್ದು ಕರುಳಿನ ಉರಿಯೂತ ಇಳಿಸೋ ಮೆಸಲಮೀನ್, ಮಾತ್ರೆ ಜೊತೆಗೆ ರಾತ್ರಿ ಎಡಮಗ್ಗುಲಲ್ಲಿ ಮಲಗಿ ತಗೊಳೋ ಎನಿಮಾ. ಎರಡು ತಿಂಗಳಲ್ಲಿ ಎಲ್ಲ ಸರಿಹೋಯ್ತು. ಇಲ್ಲೇ ನಾನು ಎಡವಿದ್ದು. ಚೆನ್ನಾಗಿದೀನಲ್ಲ, ಜೀವನಪೂರ್ತಿ ಮಾತ್ರೆ ಯಾಕೆ, ಕಿಡ್ನಿ ಹೋಗುತ್ತೆ ಅಂತ ಯಾರೋ ಅಂದಿದ್ದು ತಲೇಲಿ ಕೂತು ನಾನೇ ನಿಲ್ಸಿಬಿಟ್ಟೆ. ಮಾತ್ರೆ ತಗೋತಿದ್ದಕ್ಕೇ ಚೆನ್ನಾಗಿದ್ದೆ ಅನ್ನೋದು ಗೊತ್ತಾಗಿದ್ದು ನಾಲ್ಕು ತಿಂಗಳಾದ್ಮೇಲೆ, ದಿನಕ್ಕೆ ಹನ್ನೆರಡು ಸಲ ಓಡೋವಾಗ. ಆಗ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ 40 ಮಿಗ್ರಾಂ ಬೇಕಾಯ್ತು, ಅದನ್ನ ವಾರವಾರ ಸ್ವಲ್ಪಸ್ವಲ್ಪ ಇಳಿಸ್ಬೇಕು, ಮುಖ ಊದ್ಕೊಂಡು ಚಂದ್ರನ ಥರ ಆಯ್ತು. ಅತ್ತೆ ಖುಷಿಯಾಗಿ, ಈಗ ನೋಡು ಮೈ ಹಿಡಿದಿದೆ ಅಂದ್ರು!

ಈಗ ಮಾತ್ರೆ ಬಿಟ್ಟಿಲ್ಲ, ಕಿಡ್ನಿಗೆ ರಕ್ತ ಪರೀಕ್ಷೆ ಆಗಾಗ ಮಾಡಿಸ್ತೀನಿ ಅಷ್ಟೆ. ಕ್ಯಾಲ್‌ಪ್ರೊಟೆಕ್ಟಿನ್ ಅಂತ ಮಲದ ಟೆಸ್ಟೂ ಇದೆ, ಹೊಟ್ಟೆ ಸುಮ್ನಿದ್ರೂ ಒಳಗೆ ಉರಿಯೂತ ಇದ್ರೆ ಅದು ಎಷ್ಟೋ ಸಲ ಮೊದ್ಲೇ ಹೇಳಿಬಿಡುತ್ತೆ. ಕಾಯಿಲೆ ಶುರುವಾಗಿ ಎಂಟು ವರ್ಷ ದಾಟಿದ್ಮೇಲೆ ಕರುಳಿನ ಕ್ಯಾನ್ಸರ್ ಬಂದಿದೆಯಾ ಅಂತ ಕಣ್ಣಿಡೋಕೆ ಮತ್ತೆ ಕೊಲೊನೋಸ್ಕೋಪಿ ಇದೆಯಂತೆ, ಆ ಉಪ್ಪು ನೀರು ನೆನೆಸ್ಕೊಂಡ್ರೇ ವಾಕರಿಕೆ.

ಮುಂದಿನ ವಾರ ಶಿವಮೊಗ್ಗದಲ್ಲಿ ತಂಗಿ ಮದುವೆ. ಎಲ್ರೂ ಬಸ್ಸಲ್ಲಿ ಹೊರಟಿದಾರೆ, ನಾನೊಬ್ಬನೇ ಟ್ರೈನಿಗೆ ಬುಕ್ ಮಾಡ್ಸಿದೀನಿ. ಬೋಗಿಗೆ ನಾಲ್ಕು ಟಾಯ್ಲೆಟ್ ಇರುತ್ತೆ.