ಬೇಲಿ ಕಂಡಿಯ ಉರುಳು

ನಮ್ಮ ಪಿಂಟು ಊಟದ ಹೊತ್ತು ತಪ್ಪಿಸುವ ನಾಯಿಯೇ ಅಲ್ಲ. ಅವತ್ತು ಕತ್ತಲಾದರೂ ಬರಲಿಲ್ಲ. ನಾನೂ ಅಣ್ಣನೂ ಟಾರ್ಚ್ ಹಿಡಿದು ಕಾಫಿ ತೋಟವೆಲ್ಲ ಸುತ್ತಿದೆವು. ಕೊನೆಗೆ ಗದ್ದೆ ಕಡೆಯ ಬೇಲಿ ಹತ್ತಿರ ಕುಂಯ್‌ಗುಡುವ ಸದ್ದು ಕೇಳಿತು. ಸೊಂಟಕ್ಕೆ ಉರುಳು ಬಿದ್ದಿತ್ತು. ಬೈಕಿನ ಕ್ಲಚ್ ವೈರು. ಇನ್ನೊಂದು ತುದಿಯನ್ನು ಸಿಲ್ವರ್ ಮರದ ಬುಡಕ್ಕೆ ಬಿಗಿದಿದ್ದರು. ಒದ್ದಾಡಿದ ರಭಸಕ್ಕೆ ಸುತ್ತಲಿನ ಮಣ್ಣೆಲ್ಲ ಕಿತ್ತುಹೋಗಿತ್ತು. ಎಳೆದಷ್ಟೂ ಬಿಗಿಯುವುದೇ ಉರುಳಿನ ಗುಣ ಅಲ್ವಾ? ತಂತಿ ಚರ್ಮ ಸೀಳಿ ಒಳಗಿಳಿದಿತ್ತು. ಅಣ್ಣ ಗೋಣಿಚೀಲ ಹೊದಿಸಿ ತಲೆ ಹಿಡಿದುಕೊಂಡ. ನಾನು ಮರದ ಕಡೆಯ ತಂತಿ ಕತ್ತರಿಸಿದೆ. ಉಳಿದದ್ದನ್ನು ಡಾಕ್ಟರೇ ಬಿಡಿಸಿ ಹೊಲಿಗೆ ಹಾಕಿದರು. ಪಿಂಟು ಬದುಕಿದ.

ಮಾರನೇ ದಿನ ಬೇಲಿಗುಂಟ ನಡೆದರೆ ಇನ್ನೂ ಉರುಳುಗಳು ಸಿಕ್ಕವು. ಎಲ್ಲ ಹಂದಿ ನುಗ್ಗುವ ಕಂಡಿಗಳಲ್ಲೇ. ಕಾಡುಹಂದಿ ಹಿಂಡು ನುಗ್ಗಿದರೆ ಒಂದೇ ರಾತ್ರಿಗೆ ಗದ್ದೆ ನೆಲಸಮ. ಆ ಸಂಕಟ ನಮಗೂ ಗೊತ್ತು. ಮಾಂಸದ ಆಸೆಗೆ ಇಡುವವರೂ ಇದ್ದಾರೆ. ಆದರೆ ಹಂದಿಗೆಂದು ಇಟ್ಟ ಉರುಳಿಗೆ ಚಿರತೆಯೂ ಬೀಳುತ್ತದೆ. ಮಲೆನಾಡಿನ ತೋಟಗಳಿಂದ ಈ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅರಿವಳಿಕೆ ಕೊಟ್ಟು ಬಿಡಿಸಿದರೂ ಎಷ್ಟೋ ಸಲ ಅದು ಉಳಿಯುವುದಿಲ್ಲ. ಗಂಟೆಗಟ್ಟಲೆ ಜಗ್ಗಾಡಿ ಒಳಗೆಲ್ಲ ಪೆಟ್ಟಾಗಿರುತ್ತದೆ, ಕಿಡ್ನಿ ಕೆಟ್ಟಿರುತ್ತದೆ.

ಕಾನೂನು ಇಲ್ಲವೆಂದಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಉರುಳು ಹಾಕುವುದೂ ಬೇಟೆಯೇ, ಬರೀ ಪ್ರಯತ್ನವೂ ಬೇಟೆಯೇ. ಚಿರತೆ ವಿಷಯದಲ್ಲಿ 3ರಿಂದ 7 ವರ್ಷ ಜೈಲು. ಆದರೆ ಕ್ಲಚ್ ವೈರು ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ. ಇಟ್ಟವರು ಯಾರೆಂದು ತೋರಿಸುವುದು ಹೇಗೆ? ಕಾಡಿನೊಳಗಾದರೆ ಗಾರ್ಡುಗಳು ಗಸ್ತಿನಲ್ಲಿ ಉರುಳು ಹುಡುಕಿ ತೆಗೆಯುತ್ತಾರೆ. ನಮ್ಮಂಥವರ ತೋಟದ ಬೇಲಿ ನೋಡುವವರು ಯಾರೂ ಇಲ್ಲ. ನನಗೆ ಜಾಸ್ತಿ ಬೇಸರವಾದದ್ದು ಇದಕ್ಕೇ.

ಗ್ರಾಮಸಭೆಯಲ್ಲಿ ಇದನ್ನೇ ಎತ್ತಿದೆ. ಭತ್ತ ತೆನೆ ಬಿಡುವ ಕಾಲಕ್ಕೆ ಗಾರ್ಡೂ ತೋಟದವರೂ ಸೇರಿ ಬೇಲಿ ತಪಾಸಣೆ ಮಾಡಬೇಕು, ಸಿಕ್ಕ ಉರುಳಿನ ಲೆಕ್ಕ ಬರೆದಿಡಬೇಕು ಎಂದೆ. ಹಿರಿಯರೊಬ್ಬರು ಎದ್ದು, "ನಾಯಿ ಚಿರತೆ ಎಲ್ಲ ಸರಿ ಮಾರಾಯ್ರೆ, ನಮ್ಮ ಭತ್ತಕ್ಕೆ ಯಾರು ಗತಿ?" ಎಂದರು. ಅವರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬೆಳೆನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಅದು ಬೇಗ ಕೈಗೆ ಬಂದರೆ ಉರುಳಿಡುವ ಮನಸ್ಸು ಅರ್ಧ ಕಡಿಮೆಯಾಗುತ್ತದೆ. ಅದನ್ನೂ ಅರ್ಜಿಯಲ್ಲಿ ಸೇರಿಸಿದೆವು. ಮೊದಲ ಸಹಿ ಅವರದೇ.

ಅರ್ಜಿ ಕೊಟ್ಟಾಗಿದೆ. ಉತ್ತರಕ್ಕೆ ಕಾಯದೆ ಭಾನುವಾರಗಳಂದು ನಾವೇ ಬೇಲಿ ಸುತ್ತುತ್ತಿದ್ದೇವೆ. ಪಕ್ಕದ ತೋಟದವರೂ ಗೇಟು ತೆಗೆದುಕೊಟ್ಟಿದ್ದಾರೆ.