ಬ್ಯಾರನ್ ಕಥೆ ಮತ್ತು ಸಮುದ್ರದ ಪೆಟ್ಟಿಗೆಗಳು

ನಿನ್ನೆ ರಾತ್ರಿ ವಿಚರ್ 3 ಮತ್ತೆ ಹಾಕಿದೆ. ಪೋಲೆಂಡಿನವರು ಮಾಡಿದ 2015ರ ಗೇಮ್, ಆದರೂ ಅದರಲ್ಲಿ ವೆಲೆನ್ ಅನ್ನೋ ಸೀಮೆಯ ಪಾಳೇಗಾರ ಬ್ಯಾರನ್ ಕಥೆ ಬಂದಾಗ ಊಟಕ್ಕೆ ಕರೆದರೂ ಏಳೋಕೆ ಮನಸ್ಸಾಗಲಿಲ್ಲ.

ಆಸಾಮಿ ಕುಡುಕ, ಹೆಂಡತಿಗೆ ಹೊಡೆದವನು. ಹೊಟ್ಟೆಯಲ್ಲೇ ಸತ್ತು ಪಿಶಾಚಿಯಾದ ತನ್ನದೇ ಕೂಸನ್ನು ಎತ್ತಿಕೊಂಡು, ಹೆಸರಿಟ್ಟು ಹೊಸಿಲ ಕೆಳಗೆ ಹೂಳೋಕೆ ಕತ್ತಲಲ್ಲಿ ನಡೆಯುತ್ತಾನೆ. ದಾರಿಯಲ್ಲಿ ಅದು ಕೆರಳಿದರೆ ನಾವು ಆಡಿಸೋ ನಾಯಕ ಗೆರಾಲ್ಟ್ ಮಂತ್ರ ಹಾಕಿ ಸಮಾಧಾನ ಮಾಡಬೇಕು. ಆ ಬಟನ್ ಒತ್ತೋರು ನಾವೇ. ಸಿಟ್ಟು, ಅಯ್ಯೋ ಪಾಪ ಎರಡೂ ಒಟ್ಟಿಗೇ ಬರುತ್ತದೆ.

ಕತ್ತಿ ಕಾಳಗ ಮಾತ್ರ ಅಷ್ಟಕ್ಕಷ್ಟೇ. ಉರುಳು, ಎರಡು ಏಟು, ಮತ್ತೆ ಉರುಳು. ಒದ್ದಾಡಿ ಗಿಟ್ಟಿಸಿದ ಕತ್ತಿ ಹಿಡಿಯೋಕೆ ಲೆವೆಲ್ ಸಾಲದು ಅಂತ ಬೇರೆ ಹೇಳುತ್ತದೆ. ಇನ್ನು ಮ್ಯಾಪಿನಲ್ಲಿ ಸ್ಕೆಲಿಗೆ ಅನ್ನೋ ದ್ವೀಪಗಳ ಸುತ್ತ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆ, ದೋಣಿ ಹತ್ತಿ ಹೋಗಿ ನೋಡಿದರೆ ಅದೇ ಪೀಪಾಯಿ, ಅದೇ ಕಳ್ಳಮಾಲಿನ ಪೆಟ್ಟಿಗೆ. ಸುಮ್ನೆ ಜಾಗ ತುಂಬಿಸಿದ್ದಾರೆ, ಅಲ್ವಾ?

ಅತ್ತ ಗೆರಾಲ್ಟ್‌ಗೆ ಮಗಳಂತಿರೋ ಸಿರಿಯ ಜೀವಕ್ಕೇ ಅಪಾಯ, ಇತ್ತ ಗೆರಾಲ್ಟ್ ಹೆಂಡದಂಗಡಿಯಲ್ಲಿ ಗ್ವೆಂಟ್ ಅನ್ನೋ ಕಾರ್ಡ್ ಆಟದ ಎಲೆ ಹಿಡಿದು ಕೂತಿರುತ್ತಾನೆ. ಇದನ್ನು ದೋಷದ ಲೆಕ್ಕಕ್ಕೆ ಹಾಕಲ್ಲ, ಗ್ವೆಂಟ್ ಹುಚ್ಚು ನನಗೂ ಜಾಸ್ತಿ.

ಆ ಪೆಟ್ಟಿಗೆಗಳನ್ನೆಲ್ಲ ಪೂರ್ತಿ ತೆಗೆದ ಪುಣ್ಯಾತ್ಮರು ಇಲ್ಲಿ ಯಾರಾದರೂ ಇದ್ದೀರಾ?